ಏಳೂಕಾಲು ಅಂಗುಲದ ದಾರಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ನಾವು ಹೊರಟದ್ದು ವೈಶಾಖದ ಒಂದು ಬುಧವಾರ, ಬೆಳಿಗ್ಗೆ ಎಂಟು ಗಂಟೆಗೆ. ಆರಕ್ಕೆ ಹೊರಡಬೇಕೆಂದು ನಾನೇ ಕಾಗದದ ಮೇಲೆ ಬರೆದುಕೊಟ್ಟಿದ್ದೆ. ಮನೆ ಬಿಡುವ ಮೊದಲೇ ಎರಡು ಗಂಟೆ ಕೈತಪ್ಪಿ ಹೋಯಿತು. ಗಾಡಿಯಲ್ಲಿ ಇದ್ದವರು ಮೂವರು: ಗಾಡಿ ಹೊಡೆಯುವ ಇಮಾಮ್ ಸಾಬರು, ನಾನು ಬಾಡಿಗೆಗಿದ್ದ ಮನೆಯ ಯಜಮಾನರಾದ ನೇಕಾರ ಓಬಳಯ್ಯನವರು, ಮತ್ತು ನಾನು. ನಮ್ಮ ನಡುವೆ ಬಿಳಿ ಪಂಚೆಯಲ್ಲಿ ಸುತ್ತಿದ ಒಂದು ರೇಷ್ಮೆ ಸೀರೆ ಇತ್ತು. ಗಾಡಿಗೆ ಎರಡೂವರೆ ರೂಪಾಯಿ ಬಾಡಿಗೆ, ಎತ್ತಿನ ಹುಲ್ಲು ಇಮಾಮ್ ಸಾಬರದೇ.

ಈ ಪ್ರಯಾಣದ ವಿಷಯ ಬರೆಯಬೇಕೆಂದು ನಮ್ಮ ಶ್ರೀರಂಗಪಟ್ಟಣದ ಕಡೆಯ ಸ್ನೇಹಿತರು ಎಷ್ಟೋ ಸಲ ಕೇಳಿದ್ದರು. ಬಯಲುಸೀಮೆ ಹೇಗಿರುತ್ತದೆ, ಜನ ಏನು ತಿನ್ನುತ್ತಾರೆ, ಅಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿ ಓಡಾಡುವುದು ನಿಜವೇ ಎಂದೆಲ್ಲ ಅವರಿಗೆ ಕುತೂಹಲ. ನಾನು ಪ್ರತಿ ಸಲವೂ ಏನಾದರೊಂದು ನೆಪ ಹೇಳಿ ಜಾರಿಕೊಂಡೆ. ಬರೆದರೆ ಪೂರ್ತಿ ಬರೆಯಬೇಕಾಗುತ್ತದೆ, ಪೂರ್ತಿ ಬರೆದರೆ ನನ್ನ ಮುಖ ಎಲ್ಲಿಡುವುದು ಎಂಬುದೇ ಆ ನೆಪಗಳ ಹಿಂದಿದ್ದ ಕಾರಣ.

ಆಗ ನನಗೆ ಇಪ್ಪತ್ತಮೂರು ವರ್ಷ. ಚಳ್ಳಕೆರೆಯಲ್ಲಿ ಬೀಡುಬಿಟ್ಟಿದ್ದ ಸರ್ವೆ ಕಚೇರಿಯಲ್ಲಿ ನಕ್ಷೆಗಳನ್ನು ನಕಲು ಮಾಡುವ ಕೆಲಸ. ದೊಡ್ಡ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹರಡಿ, ಗಡಿಗಳನ್ನು ಶಾಯಿಯಲ್ಲಿ ತಿದ್ದಿ, ಊರುಗಳ ಹೆಸರನ್ನು ದುಂಡಗೆ ಬರೆಯುತ್ತಿದ್ದೆ. ಅಕ್ಷರ ಚೆನ್ನಾಗಿದೆ ಎಂದು ಮೇಲಿನವರು ಒಮ್ಮೆ ಹೊಗಳಿದ್ದರು. ಅಂದಿನಿಂದ ಎರಡು ತಾಲ್ಲೂಕುಗಳ ಭೂಮಿಯನ್ನೆಲ್ಲ ನಾನೇ ಅಳೆದು ಮುಗಿಸಿದವನ ಹಾಗೆ ಓಡಾಡುತ್ತಿದ್ದೆ. ಸಂಜೆ ಜಗಲಿಯ ಮೇಲೆ ಕುಳಿತವರು ಯಾವ ಊರಿನ ಹೆಸರು ಹೇಳಿದರೂ, 'ಇಲ್ಲಿಂದ ಇಷ್ಟು ಮೈಲಿ' ಎಂದು ಥಟ್ಟನೆ ಹೇಳಿಬಿಡುತ್ತಿದ್ದೆ. ಆ ಊರುಗಳಲ್ಲಿ ಒಂದಕ್ಕಾದರೂ ಹೋಗಿದ್ದೀರಾ ಎಂದು ಯಾರೂ ಕೇಳಲಿಲ್ಲ, ಇಲ್ಲವೆಂದು ನಾನೂ ಹೇಳಲಿಲ್ಲ.

ಓಬಳಯ್ಯನವರು ಮೊಳಕಾಲ್ಮೂರಿನವರು. ಮದುವೆಯಾದ ಮೇಲೆ ಹೆಂಡತಿಯ ಊರಾದ ಚಳ್ಳಕೆರೆಗೆ ಬಂದು, ನಡುಮನೆಯ ನೆಲದಲ್ಲಿ ಕುಣಿ ತೋಡಿ ಮಗ್ಗ ಹಾಕಿಕೊಂಡಿದ್ದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಮೊಳಕಾಲ್ಮೂರಿನಲ್ಲಿದ್ದ ತಂಗಿ ಗಂಗಮ್ಮನ ಮಗಳು ಅಂಜಿನಮ್ಮನಿಗೆ ಆ ವೈಶಾಖದಲ್ಲಿ ಮದುವೆ ಗೊತ್ತಾಗಿತ್ತು. ಗುರುವಾರ ಹಗಲು ಹನ್ನೊಂದೂವರೆಗೆ ಮುಹೂರ್ತ. ಅವರ ಮನೆತನದ ಪದ್ಧತಿಯಂತೆ ಮದುಮಗಳನ್ನು ಎತ್ತಿಕೊಂಡು ಮಂಟಪಕ್ಕೆ ತರುವುದು ಸೋದರಮಾವನ ಹಕ್ಕು. ಅವಳು ಉಡುವ ಧಾರೆ ಸೀರೆಯೂ ಸೋದರಮಾವನ ಮಗ್ಗದಿಂದಲೇ ಬರಬೇಕು. ಗಂಗಮ್ಮನಿಗೆ ಬೇರೆ ಅಣ್ಣತಮ್ಮಂದಿರಿರಲಿಲ್ಲ. ಓಬಳಯ್ಯನವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಆ ಹುಡುಗಿಯನ್ನು ಎತ್ತಿ ತರುವ ಆ ಹತ್ತು ಹೆಜ್ಜೆಗಾಗಿ ಅವರು ಎಷ್ಟೋ ವರ್ಷಗಳಿಂದ ಕಾಯುತ್ತಿದ್ದರು.

ಸೀರೆಯ ಸೆರಗಿನ ವಿಷಯವನ್ನೂ ಹೇಳಬೇಕು. ಅಂಜಿನಮ್ಮ ಚಿಕ್ಕವಳಿದ್ದಾಗ ಮಾವನ ಮಗ್ಗದ ಪಕ್ಕ ಕುಳಿತು, "ನನ್ನ ಮದುವೆ ಸೀರ್ಯಾಗೆ ಎಲ್ಡು ಸಾಲು ಗಿಣಿ ಬೇಕು ಮಾವ" ಎಂದಿದ್ದಳಂತೆ. ಸೋಮವಾರ ಸಂಜೆಗೆ ಒಂದು ಸಾಲು ಗಿಣಿ ಮುಗಿದಿತ್ತು. ಮಂಗಳವಾರ ಬೆಳಿಗ್ಗೆ ಹೊರಡುವುದೆಂದು ಹದಿನೈದು ದಿನ ಮೊದಲೇ ಗೊತ್ತುಮಾಡಿದ್ದರು. ಹೆಂಡತಿಯನ್ನು ಮುಂಚೆಯೇ ಕಳುಹಿಸಿದ್ದರು. ಇನ್ನೊಂದು ಸಾಲಿಗೆ ಪೂರಾ ಒಂದು ದಿನ ಬೇಕು. ಆ ಸೋಮವಾರ ಸಂಜೆ ಕುಣಿಯಿಂದ ಕಾಲು ಹೊರಗೆ ತೆಗೆದು ಕುಳಿತು, "ಒಂದೇ ಸಾಲಿಗೆ ಕುಯ್ದು ಬಿಡ್ತೀನಿ ಸಾಮಿ. ಮದ್ವೆ ದೊಡ್ದು, ಗಿಣಿ ದೊಡ್ದಲ್ಲ" ಎಂದರು. ಮುಖ ಮಾತ್ರ ಸಣ್ಣದಾಗಿತ್ತು.

ಅಲ್ಲಿ ನಾನು ಬಾಯಿ ಹಾಕಿದೆ. ಯಾರೂ ಕರೆದಿರಲಿಲ್ಲ.

"ಮೊಳಕಾಲ್ಮೂರಿಗೆ ಎರಡು ದಿನ ಯಾಕೆ ಬೇಕು ಓಬಳಯ್ಯನವರೇ?" ಎಂದು ಕೋಣೆಯಿಂದ ನನ್ನ ನಕಲನ್ನೂ ಕೈವಾರವನ್ನೂ ತಂದೆ. ಕೈವಾರದ ಒಂದು ಮೊನೆ ಚಳ್ಳಕೆರೆಯ ಮೇಲೆ, ಇನ್ನೊಂದು ಮೊನೆ ಮೊಳಕಾಲ್ಮೂರಿನ ಮೇಲೆ. ಅಳತೆಪಟ್ಟಿಗೆ ಹಿಡಿದರೆ ಏಳೂಕಾಲು ಅಂಗುಲ. ಅಂಗುಲಕ್ಕೆ ನಾಲ್ಕು ಮೈಲಿ, ಒಟ್ಟು ಇಪ್ಪತ್ತೊಂಬತ್ತು ಮೈಲಿ. ಕಚೇರಿಯ ಮುಂದೆ ಹೋಗುವ ಗಾಡಿಗಳನ್ನು ನನ್ನ ಗಡಿಯಾರ ಹಿಡಿದು ನೋಡಿದ್ದೆ, ಗಂಟೆಗೆ ಎರಡೂವರೆ ಮೈಲಿ. ಭಾಗಿಸಿ ಹೇಳಿದೆ: ಹನ್ನೊಂದು ಗಂಟೆ ಮೂವತ್ತಾರು ನಿಮಿಷ. ಎತ್ತುಗಳು ನೀರು ಕುಡಿಯಲೆಂದು ದೊಡ್ಡ ಮನಸ್ಸು ಮಾಡಿ ಅರ್ಧ ಗಂಟೆ ಸೇರಿಸಿದೆ. "ಬುಧವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆ ಆರು ಗಂಟೆ ಆರು ನಿಮಿಷಕ್ಕೆ ನಿಮ್ಮ ತಂಗಿಯ ಮನೆಯಲ್ಲಿರುತ್ತೀರಿ. ಮಂಗಳವಾರ ಪೂರಾ ನಿಮ್ಮ ಗಿಣಿಗಳಿಗೆ."

ಅದು ಹಕ್ಕಿ ಹಾರುವ ದಾರಿ. ಮನುಷ್ಯ ನಡೆಯುವ ದಾರಿಯಲ್ಲ. ನನ್ನ ನಕಲಿನಲ್ಲಿ ಗಡಿಗಳೂ ಊರುಗಳೂ ಇದ್ದವು, ದಾರಿಗಳಿಗೆ ನಾನಿನ್ನೂ ಶಾಯಿ ಹಾಕಿರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಗೊತ್ತಿತ್ತು, ಆ ಹೊತ್ತಿನಲ್ಲಿ ಅದು ದೊಡ್ಡ ವಿಷಯ ಎನ್ನಿಸಲಿಲ್ಲ.

ಓಬಳಯ್ಯನವರು ಆ ದಾರಿಯಲ್ಲಿ ಇಪ್ಪತ್ತು ಸಲವಾದರೂ ಹೋಗಿ ಬಂದವರು. ನಕ್ಷೆಯನ್ನೇ ಬಹಳ ಹೊತ್ತು ನೋಡಿದರು. "ನಾನು ಹೋದಾಗೆಲ್ಲ ಎಲ್ಡು ದಿನ ಆಗೈತೆ. ದಾರ್ಯಾಗೆ ಸುಮ್ನೆ ಕುಂತು ಹೊತ್ತು ಕಳೆದಿರ್ಬೇಕು. ಸರ್ಕಾರದ ಕಾಗದ ಸುಳ್ಳು ಹೇಳುತ್ತಾ?" ಎಂದರು. ತಮ್ಮ ಕಾಲುಗಳು ಕಂಡದ್ದನ್ನು ಬಿಟ್ಟು ಅವರು ನನ್ನ ಏಳೂಕಾಲು ಅಂಗುಲವನ್ನು ನಂಬಿದರು. ಮತ್ತೆ ಕುಣಿಗೆ ಇಳಿದರು. ಮಂಗಳವಾರ ಕತ್ತಲಾಗುವವರೆಗೆ ಮಗ್ಗದ ಸದ್ದು ನಿಲ್ಲಲಿಲ್ಲ. ನಾನು ಕಚೇರಿಯಲ್ಲಿ ನಾಲ್ಕು ದಿನದ ರಜೆ ಕೇಳಿ, ಮದುವೆಗೆ ನಾನೂ ಬರುತ್ತೇನೆಂದು ಹೊರಟು ನಿಂತೆ. ನನ್ನ ಲೆಕ್ಕ ನಿಜವಾಗುವುದನ್ನು ಕಣ್ಣಾರೆ ನೋಡಬೇಕೆಂಬುದೇ ಮುಖ್ಯ ಆಸೆಯಾಗಿತ್ತು.

ಬುಧವಾರ ಮಗ್ಗಕ್ಕೆ ಪೂಜೆ ಮಾಡಿ ಸೀರೆ ಕುಯ್ಯುವುದರಲ್ಲಿ ಆ ಎರಡು ಗಂಟೆ ಹೋದವು. ಇಮಾಮ್ ಸಾಬರು ಆರಕ್ಕೇ ಬಂದು, ಎತ್ತು ಹೂಡಿಕೊಂಡು, ಬೀದಿಯಲ್ಲಿ ಕಾದಿದ್ದರು. ಐವತ್ತು ದಾಟಿದ ಮನುಷ್ಯ. ಚಳ್ಳಕೆರೆಯಿಂದ ಬಳ್ಳಾರಿಯವರೆಗೆ ಹತ್ತಿ ಹೊಡೆದು ಹೊಡೆದು ದಾರಿಯ ಒಂದೊಂದು ಕಲ್ಲಿನ ಪರಿಚಯವೂ ಇದ್ದವರು. ನಾಳೆ ಮುಹೂರ್ತ ಎಂದು ಕೇಳಿದವರೇ ಅವರು ಹಗ್ಗ ಕೈಬಿಟ್ಟರು.

"ನಾಳೆನಾ? ನಿನ್ನೆ ಹೊರಡ್ಬೇಕಿತ್ತಲ್ರೀ. ಎಲ್ಡು ದಿನದ ದಾರಿ ಇದು. ಎತ್ತು ಬಿಡೋ ಜಾಗನೇ ನಾಕು ಐತೆ."

ನಾನು ಅವರಿಗೂ ನಕ್ಷೆ ಬಿಡಿಸಿ ತೋರಿಸಿದೆ. ಅವರು ಬಗ್ಗಿ, ಕೈ ಹಿಂದೆ ಕಟ್ಟಿಕೊಂಡು, ಬಹಳ ಮರ್ಯಾದೆಯಿಂದ ನೋಡಿದರು.

"ಚೆಂದಾಗೈತೆ ಸಾಮಿ. ಇದ್ರಾಗೆ ಹಳ್ಳದ ಮರಳು ಎಲ್ಲೈತೆ?"

ನಾನು ನಕ್ಕುಬಿಟ್ಟೆ. ಓಬಳಯ್ಯನವರೂ ನನ್ನ ಜೊತೆ ನಕ್ಕರು. ಇಮಾಮ್ ಸಾಬರು ನಗಲಿಲ್ಲ, "ಹತ್ರೀ, ಹೊತ್ತಾತು" ಎಂದಷ್ಟೇ ಹೇಳಿದರು.

ಊರು ಬಿಟ್ಟ ಮೇಲೆ ಬಯಲು. ಎಡಕ್ಕೂ ಬಲಕ್ಕೂ ಒಣಗಿದ ಹುಲ್ಲು, ಅಲ್ಲಲ್ಲಿ ಜಾಲಿ, ದೂರದಲ್ಲಿ ಕುರಿಹಿಂಡು. ಸ್ನೇಹಿತರು ಕೇಳಿದ್ದ ಕೃಷ್ಣಮೃಗಗಳು ನಿಜವಾಗಿಯೂ ಇದ್ದವು. ಇಪ್ಪತ್ತು ಮೂವತ್ತರ ಒಂದು ಹಿಂಡು ನಮ್ಮ ಗಾಡಿಯ ಮುಂದೆಯೇ ದಾರಿ ದಾಟಿ ನೆಗೆದು ಹೋಯಿತು. ಕಣ್ಣಿಗೆ ಹಬ್ಬ. ಓಬಳಯ್ಯನವರು ಉತ್ಸಾಹದಿಂದ ಹುಡುಗಿಯ ಬಾಲ್ಯದ ಕಥೆಗಳನ್ನು ಹೇಳುತ್ತ, ನಡುನಡುವೆ ಪಂಚೆಯ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಈಗ ತೂಕ ಎಷ್ಟಾಗೈತೋ ಏನೋ! ಎತ್ತಕ್ಕೆ ಆಗುತ್ತಾ ನನ್ ಕೈಲಿ?" ಎಂದು ತಮ್ಮ ತೋಳನ್ನೇ ತಾವು ಹಿಸುಕಿಕೊಂಡು ನಕ್ಕರು.

ಹನ್ನೊಂದಕ್ಕೆ ಇಮಾಮ್ ಸಾಬರು ಒಂದು ಬೇವಿನ ಮರದ ಕೆಳಗೆ ಎತ್ತು ಬಿಟ್ಟರು. ನಾವು ಬಂದದ್ದು ಆರು ಮೈಲಿಯ ಆಸುಪಾಸು. ಸಜ್ಜೆ ರೊಟ್ಟಿ, ಹುರುಳಿ ಚಟ್ನಿ, ಹುಣಸೆಹುಳಿಯ ಬುತ್ತಿ ಬಿಚ್ಚಿದೆವು. ಅರ್ಧ ಗಂಟೆಯಾದ ಕೂಡಲೇ ನಾನು ಗಡಿಯಾರ ತೆಗೆದೆ. ಇಮಾಮ್ ಸಾಬರು ಮಲಗಿದ್ದಲ್ಲಿಂದಲೇ, "ಬಿಸ್ಲು ಇಳಿಯೋವರ್ಗೂ ಎತ್ತು ಏಳಲ್ಲ ಸಾಮಿ. ನಿಮ್ ಗಡಿಯಾರ ಅವುಕ್ಕೆ ತೋರ್ಸ್ರಿ ಬೇಕಾದ್ರೆ" ಎಂದರು. ಬಿಸಿಲು ಇಳಿದದ್ದು ಮೂರಕ್ಕೆ. ತಳುಕು ಮುಟ್ಟಿದಾಗ ಆರೂವರೆ. ನನ್ನ ಕಾಗದದ ಪ್ರಕಾರ ನಾವು ಆ ಹೊತ್ತಿಗೆ ಗಂಗಮ್ಮನ ಮನೆಯಲ್ಲಿ ಕೈಕಾಲು ತೊಳೆದು ಕುಳಿತಿರಬೇಕಿತ್ತು. ಚಳ್ಳಕೆರೆಯಿಂದ ಹದಿಮೂರು ಮೈಲಿ ಬಂದಿದ್ದೆವು.

ತಳುಕಿನ ಛತ್ರದ ಮುಂದೆ ಎತ್ತುಗಳು ನಿಂತ ರೀತಿ ನೋಡಿದರೆ ಇನ್ನು ಹೆಜ್ಜೆ ಕಿತ್ತಿಡುವುದಿಲ್ಲವೆಂದು ನನಗೂ ತಿಳಿಯಿತು. ಓಬಳಯ್ಯನವರು ಗಾಡಿಯಿಂದ ಇಳಿದವರೇ ಪಂಚೆಯ ಗಂಟನ್ನು ಬಗಲಿಗೆ ಕಟ್ಟಿಕೊಂಡರು.

"ನಾನು ನಡ್ಕಂಡು ಹೋಗ್ತೀನಿ ಇಮಾಮಣ್ಣ. ತಂಪೊತ್ತು. ಬೆಳಕು ಹರಿಯೋದ್ರಾಗೆ ಮುಟ್ಕಂತೀನಿ. ನೀವು ಗಾಡ್ಯಾಗೆ ಬರ್ರಿ."

"ಹೋಗ್ರಿ. ಅದೇ ಸೈ," ಎಂದರು ಇಮಾಮ್ ಸಾಬರು. "ದಾರಿ ಗೊತ್ತೈತಲ್ಲ ನಿಮ್ಗೆ."

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾನು ಬಿಡಲಿಲ್ಲ. ಛತ್ರದ ದೀಪದ ಕೆಳಗೆ ಮತ್ತೆ ನಕ್ಷೆ ಹಾಸಿ ಕೈವಾರ ತೆಗೆದೆ. ತಳುಕಿನಿಂದ ಮೊಳಕಾಲ್ಮೂರಿಗೆ ನಾಲ್ಕೂವರೆ ಅಂಗುಲ, ಹದಿನೆಂಟು ಮೈಲಿ. ಏಳು ಗಂಟೆ ಹನ್ನೆರಡು ನಿಮಿಷದ ಪ್ರಯಾಣ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ತಲುಪುತ್ತೇವೆ, ಮುಹೂರ್ತಕ್ಕೆ ಇನ್ನೂ ಹದಿನೆಂಟು ನಿಮಿಷ ಉಳಿಯುತ್ತದೆ. "ಈ ವಯಸ್ಸಿನಲ್ಲಿ ಇಷ್ಟು ದೂರ ನಡೆದು, ದಣಿದು, ನಾಳೆ ಹುಡುಗಿಯನ್ನು ಎತ್ತುವಾಗ ಕೈ ನಡುಗಿದರೆ?" ಎಂದು ಬೇರೆ ಕೇಳಿದೆ.

ಅವರು ತಮ್ಮ ತೋಳು ನೋಡಿಕೊಂಡರು. ಗಂಟು ಬಿಚ್ಚಿ ಸೀರೆಯನ್ನು ತಲೆದಿಂಬಿನ ಪಕ್ಕ ಇಟ್ಟು ಮಲಗಿದರು. ಸೋಮವಾರ ನನ್ನಿಂದ ಆದದ್ದು ತಪ್ಪು ಲೆಕ್ಕ, ಅದಕ್ಕೆ ಕ್ಷಮೆಯಿದೆ. ಆ ಸಂಜೆ, ಲೆಕ್ಕ ತಪ್ಪಿದ್ದು ಕಣ್ಣಿಗೆ ಕಂಡ ಮೇಲೂ, ಸೋತೆ ಎನ್ನಲಾರದೆ ಒಬ್ಬ ಮನುಷ್ಯನನ್ನು ದಾರಿಯಲ್ಲಿ ತಡೆದು ಕೂರಿಸಿದೆ. ಇದನ್ನು ನೆನೆದಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಗುರುವಾರ ನಾಲ್ಕಕ್ಕೇ ಹೊರಟೆವು. ಬೊಮ್ಮಗೊಂಡನಕೆರೆ ಮುಟ್ಟಿದಾಗ ಬಿಸಿಲು ಏರುತ್ತಿತ್ತು. ಅಲ್ಲಿ ಎತ್ತುಗಳಿಗೆ ನೀರು ಕುಡಿಸುವಾಗ ನಾನೇ ಮೇಲೆ ಬಿದ್ದು ಓಬಳಯ್ಯನವರಿಗೆ, "ಹೊತ್ತಿಗೆ ಸರಿಯಾಗಿದ್ದೇವೆ" ಎಂದೆ. ಅಲ್ಲಿಂದ ಮುಂದೆ ನಕ್ಷೆಯಲ್ಲಿ ಬರಿಯ ಬಿಳಿ ಬಟ್ಟೆಯಿದ್ದ ಜಾಗದಲ್ಲಿ ಗುಡ್ಡಗಳು ಎದ್ದು ನಿಂತಿದ್ದವು. ಬಂಡೆಯ ಮೇಲೆ ಬಂಡೆ ಪೇರಿಸಿದಂಥ ಗುಡ್ಡಗಳು. ನನ್ನ ನೇರ ಗೆರೆ ಅವುಗಳ ನೆತ್ತಿಯ ಮೇಲೆ ಹಾದುಹೋಗುತ್ತಿತ್ತು. ಗಾಡಿಯ ದಾರಿ ಬುಡವನ್ನು ಬಳಸಿ, ಹಳ್ಳಿಹಳ್ಳಿಗೆ ತಲೆಹಾಕಿ, ಮತ್ತೆ ಬಳಸಿ ಹೋಗುತ್ತಿತ್ತು. ಒಂದು ಹದ್ದು ನಮ್ಮ ತಲೆಯ ಮೇಲಿಂದ ಹಾರಿ ಗುಡ್ಡ ದಾಟಿ ಹೋಯಿತು. ಆ ಲೆಕ್ಕದಲ್ಲಿ ಅದಕ್ಕೆ ಮಾತ್ರ ದಾರಿಯಿತ್ತು.

ಆಮೇಲೆ ಚಿನ್ನಹಗರಿಯ ಹಳ್ಳ ಬಂತು. ಬೇಸಿಗೆಯಲ್ಲಿ ನೀರಿಲ್ಲ, ಈ ದಡದಿಂದ ಆ ದಡದವರೆಗೆ ಬಿಳಿ ಮರಳು. ಗಾಲಿ ಅರ್ಧದವರೆಗೂ ಹೂತುಕೊಂಡಿತು. ಇಮಾಮ್ ಸಾಬರು ಎತ್ತುಗಳ ಮೂಗುದಾರ ಹಿಡಿದು ಎಳೆದರು, ನಾನೂ ಓಬಳಯ್ಯನವರೂ ಒಂದೊಂದು ಗಾಲಿಗೆ ಹೆಗಲು ಕೊಟ್ಟೆವು. ನಾಲ್ಕು ಮಾರು ಹೋಗುವುದು, ಮತ್ತೆ ಹೂತುಕೊಳ್ಳುವುದು. ಹಳ್ಳದ ನಡುಮಧ್ಯದಲ್ಲಿ ಎಡಗಡೆಯ ಎತ್ತು ಮೊಣಕಾಲೂರಿ ಕುಳಿತುಬಿಟ್ಟಿತು.

ಓಬಳಯ್ಯನವರು ಬೆವರು ಒರೆಸಿಕೊಂಡು ಕೇಳಿದರು, "ಎಷ್ಟಾತು ಸಾಮಿ?"

ಗಡಿಯಾರ ತೆಗೆದೆ. ಹನ್ನೊಂದೂ ಇಪ್ಪತ್ತೆಂಟು. ಗಡಿಯಾರವನ್ನೇ ಅವರ ಮುಂದೆ ಹಿಡಿದೆ. "ನಂಗೆ ಅದು ಓದಕ್ಕೆ ಬರಲ್ಲ. ನೀವು ಹೇಳ್ರಿ" ಎಂದರು. ಹೇಳಿದೆ.

"ಇನ್ನೆಷ್ಟು ದೂರ ಇಮಾಮಣ್ಣ?"

"ಮೂರು ಹರದಾರಿ ಮೇಲೈತೆ," ಎಂದರು ಇಮಾಮ್ ಸಾಬರು, ಎತ್ತಿನ ಬೆನ್ನು ಸವರುತ್ತ, ನಮ್ಮ ಕಡೆ ನೋಡದೆ. ಮೂರು ಹರದಾರಿ ಎಂದರೆ ಒಂಬತ್ತು ಮೈಲಿ.

ಕುರಿಯವರು ಮರಳಲ್ಲಿ ತೋಡಿದ್ದ ಒಂದು ಒರತೆ ಅಲ್ಲೇ ಇತ್ತು. ಓಬಳಯ್ಯನವರು ಅದರಲ್ಲಿ ಕೈಕಾಲು ತೊಳೆದರು, ಮುಖ ತೊಳೆದರು. ಸೊಂಟದ ಚೀಲದಿಂದ ಅರಿಸಿನ ಹಚ್ಚಿದ ಅಕ್ಷತೆ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. "ಹೊತ್ತಾದಾಗ ಹೇಳ್ರಿ" ಎಂದು ಮೊಳಕಾಲ್ಮೂರಿನ ದಿಕ್ಕಿಗೆ ತಿರುಗಿ ನಿಂತರು. ನಾನು ಗಡಿಯಾರದ ಮುಳ್ಳನ್ನೇ ನೋಡುತ್ತ ನಿಂತೆ. ಆ ಎರಡು ನಿಮಿಷದಷ್ಟು ಉದ್ದದ ಕಾಲವನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. "ಆಯಿತು" ಎಂದೆ. ಅವರು ಅಕ್ಷತೆಯನ್ನು ಮುಂದಕ್ಕೆ ಎರಚಿದರು. ಅದು ನಾಲ್ಕು ಮೊಳ ದೂರದಲ್ಲಿ ಮರಳಿನ ಮೇಲೆ ಬಿತ್ತು.

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ನನ್ನ ಭುಜ ಹಿಡಿದು, "ಸಾಮಿ, ಅಲ್ಲಿ ನೀವೇನೂ ಮಾತಾಡ್ಬ್ಯಾಡ್ರಿ. ನೀವು ಪರಸ್ಥಳದೋರು, ನಮ್ಮನೆ ಅತಿಥಿ. ನಾನೇ ಏನಾರ ಒಂದು ಹೇಳ್ಕಂತೀನಿ" ಎಂದರು. ಆ ಮಾತು ಕೇಳಿ ನನಗಾದದ್ದು ಸಮಾಧಾನ. ನಾಚಿಕೆ ಬಂದದ್ದು ಆಮೇಲೆ.

ಮೊಳಕಾಲ್ಮೂರು ಮುಟ್ಟಿದಾಗ ಸಂಜೆ ಐದೂವರೆ. ಗುಡ್ಡದ ನೆರಳು ಊರಿನ ಮೇಲೆ ಬಿದ್ದಿತ್ತು. ಯಾವ ಬೀದಿಗೆ ಹೋದರೂ ಮನೆಯೊಳಗಿಂದ ಮಗ್ಗದ ಸದ್ದು ಬರುವ ಊರೆಂದು ಕೇಳಿದ್ದೆ. ಗಂಗಮ್ಮನ ಬೀದಿಯಲ್ಲಿ ಮಾತ್ರ ಅಂದು ಮಗ್ಗಗಳು ನಿಂತಿದ್ದವು. ಚಪ್ಪರದ ಕೆಳಗೆ ಊಟದ ಎಲೆಗಳನ್ನು ತೆಗೆಯುತ್ತಿದ್ದರು. ಅಂಜಿನಮ್ಮ ಗಂಡನ ಪಕ್ಕ ತಾಯಿಯ ಹಳೆಯ ಧಾರೆ ಸೀರೆ ಉಟ್ಟು ಕುಳಿತಿದ್ದಳು. ಅವಳನ್ನು ಎತ್ತಿ ತಂದವನು ಪಕ್ಕದ ಮನೆಯ ಒಬ್ಬ ನೇಕಾರನಂತೆ. ಅರ್ಧ ಗಂಟೆ ಮುಹೂರ್ತ ತಡೆದು ನೋಡಿದರಂತೆ, ಹುಡುಗಿ ಬಾಗಿಲ ಕಡೆಯೇ ನೋಡುತ್ತಿದ್ದಳಂತೆ, ಆಮೇಲೆ ಪುರೋಹಿತರು ಇನ್ನು ಆಗುವುದಿಲ್ಲ ಎಂದರಂತೆ.

ಗಂಗಮ್ಮ ಚಪ್ಪರದಿಂದ ಹೊರಗೆ ಬಂದರು. "ಅನ್ನಾ, ಇಪ್ಪುಡಾ ವಚ್ಚೇದಿ?" ಎಂದರು. ಈಗಲಾ ಅಣ್ಣ ನೀನು ಬರುವುದು ಎಂದಷ್ಟೇ ಅದರ ಅರ್ಥ. ನನಗೆ ತೆಲುಗು ಬರುವುದಿಲ್ಲ, ಆದರೂ ಅರ್ಥವಾಯಿತು.

ಓಬಳಯ್ಯನವರು ಎಲ್ಲರಿಗೂ ಕೇಳುವಂತೆ ಹೇಳಿದರು, "ಹಳ್ಳದಾಗೆ ಗಾಡಿ ಇರಸು ಮುರೀತು ಗಂಗಮ್ಮ. ಮರ ಹುಡ್ಕಿ ಕಟ್ಟೋದ್ರಾಗೆ ಹೊತ್ತು ಹೋತು."

ಇರಸು ಎಂದರೆ ಎರಡು ಗಾಲಿಗಳನ್ನೂ ಹೊತ್ತು ನಿಲ್ಲುವ ಅಡ್ಡಮರ. ಅದು ಮುರಿದರೆ ಗಾಡಿಯವನು ಗಾಡಿ ನೋಡಿಕೊಂಡಿಲ್ಲ ಎಂದೇ ಲೆಕ್ಕ. ಗಂಡಿನ ಕಡೆಯ ಒಬ್ಬ ಹಿರಿಯರು ಇಮಾಮ್ ಸಾಬರನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ಮದ್ವೆ ಗಾಡಿ ಕಟ್ಟೋ ಮುಂದೆ ಇರಸು ನೋಡ್ಕಳಲ್ವಾ? ಇಂಥ ಲಟಾರಿ ಗಾಡಿ ತಂದು ಒಂದು ಮದ್ವೆ ಕೆಡಿಸ್ದೆ" ಎಂದರು. ಎತ್ತಿನ ಕೊರಳ ಹಗ್ಗ ಬಿಚ್ಚುತ್ತಿದ್ದ ಇಮಾಮ್ ಸಾಬರ ಕೈ ನಿಂತಿತು. ಅವರು ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಅದೇ ಹೊತ್ತಿಗೆ ಯಾರೋ ನನ್ನ ಕೈಗೆ ಪಾನಕದ ಲೋಟ ಕೊಟ್ಟರು. ನಾನು ಪಾನಕ ಕುಡಿದೆ.

ಮರುದಿನ ಬೆಳಿಗ್ಗೆ ಅಂಜಿನಮ್ಮ ಮಾವನ ಸೀರೆ ಉಟ್ಟುಕೊಂಡು ಬಂದು ಎಲ್ಲರಿಗೂ ನಮಸ್ಕರಿಸಿದಳು. ಸೆರಗಿನ ತುಂಬ ಎರಡು ಸಾಲು ಹಸಿರು ಗಿಣಿಗಳು. ಮೇಲಿನ ಸಾಲಿನವು ಯಾವುವೆಂದು ನನಗೆ ಗೊತ್ತಿತ್ತು. ಮಂಗಳವಾರದ ಗಿಣಿಗಳು ಅವು. ಓಬಳಯ್ಯನವರು ಅವಳ ತಲೆ ಮುಟ್ಟಿ ಬಹಳ ಹೊತ್ತು ಕೈ ತೆಗೆಯಲಿಲ್ಲ. ಅವಳು ನನ್ನ ಕಾಲಿಗೂ ಬಗ್ಗಿದಳು. "ಗಾಲಿಗೆ ನೀವೂ ಹೆಗಲು ಕೊಟ್ರಂತೆ. ಮಾವ ಹೇಳಿದ್ರು. ಸಾಮೇರಿಗೆ ನಮ್ಮಿಂದ ತ್ರಾಸಾತು" ಎಂದಳು. ಎಂಥ ಆಶೀರ್ವಾದ ಮಾಡಿದೆನೋ ನೆನಪಿಲ್ಲ.

ಮಧ್ಯಾಹ್ನ ಹುಡುಗಿಯನ್ನು ಗಂಡನ ಊರಾದ ದೇವಸಮುದ್ರಕ್ಕೆ ಕರೆದೊಯ್ಯಬೇಕಿತ್ತು. ಆ ಬಾಡಿಗೆಯೂ ಇಮಾಮ್ ಸಾಬರಿಗೇ ಎಂದು ಮೊದಲೇ ಮಾತಾಗಿತ್ತು. ಅವರು ಬೆಳಿಗ್ಗೆಯೇ ಎತ್ತುಗಳ ಮೈ ತೊಳೆದು, ಕೊಂಬಿಗೆ ಹೂವು ಸುತ್ತಿ, ಗಾಡಿಗೆ ಹೊಸ ಜಮಖಾನ ಹಾಸಿದ್ದರು. ಗಂಡಿನವರು ಒಪ್ಪಲಿಲ್ಲ. "ಇರಸು ಮುರಿಯೋ ಗಾಡ್ಯಾಗೆ ಮದುಮಗಳ್ನ ಕೂರ್ಸಲ್ಲ. ಅಪಶಕುನ" ಎಂದು ಬೇರೆ ಗಾಡಿ ಕರೆಸಿದರು. ಓಬಳಯ್ಯನವರು ತಲೆ ತಗ್ಗಿಸಿ ನಿಂತಿದ್ದರು. ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇರಸು ಎಲ್ಲಿ ಮುರಿದಿದೆ, ಬಗ್ಗಿ ನೋಡಿ ಎಂದಿದ್ದರೂ ಸಾಕಿತ್ತು. ಓಬಳಯ್ಯನವರ ಮಾತು ಸುಳ್ಳಾಗುತ್ತದಲ್ಲ ಎಂದು ನನಗೆ ನಾನೇ ಒಂದು ನೆಪ ಕೊಟ್ಟುಕೊಂಡೆ. ನಿಜವೇನೆಂದರೆ, ಆ ಚಪ್ಪರದಲ್ಲಿ ನನ್ನನ್ನು ಎಲ್ಲರೂ 'ನಕ್ಷೆ ಸಾಮಿ' ಎನ್ನುತ್ತಿದ್ದರು, ನನಗೆ ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಇಮಾಮ್ ಸಾಬರು ಕೊಂಬಿನ ಹೂವು ಬಿಚ್ಚಿದರು, ಜಮಖಾನ ಸುತ್ತಿಟ್ಟರು.

ಓಬಳಯ್ಯನವರು ತಂಗಿಯ ಮನೆಯಲ್ಲಿ ಇನ್ನೂ ಕೆಲವು ದಿನ ಉಳಿಯುವವರಿದ್ದರು. ಶನಿವಾರ ಬೆಳಕು ಹರಿಯುವ ಮೊದಲೇ ನಾನೊಬ್ಬನೇ ಅದೇ ಗಾಡಿಯಲ್ಲಿ ಹಿಂದಿರುಗಿದೆ. ದಾರಿ ಅಳೆಯಲೆಂದು ಗಾಲಿಯ ಒಂದು ಕಡ್ಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ಗಾಲಿ ಎಷ್ಟು ಸುತ್ತು ತಿರುಗುತ್ತದೆಂದು ಎಣಿಸುತ್ತ ಗಾಡಿಯ ಹಿಂದೆ ನಡೆದೆ. ಕಾಲು ಸೋತಾಗ ಹಿಂದಿನ ಹಲಗೆಯ ಮೇಲೆ ಕುಳಿತು ಎಣಿಸಿದೆ. ಪ್ರಾಯಶ್ಚಿತ್ತ ಎಂದುಕೊಂಡೆನೋ ಏನೋ. ಇಮಾಮ್ ಸಾಬರು ಬಟ್ಟೆ ನೋಡಿ, ಎತ್ತುಗಳನ್ನು ಹೊಡೆದರು. ಎದುರಿಗೆ ಬಂದ ಗಾಡಿಗಳವರೆಲ್ಲ ಅವರಿಗೆ ಪರಿಚಯದವರೇ. ಮದುವೆ ಊಟ ಮಾಡಿ ಹೋದವರ ಬಾಯಿಂದ ಸುದ್ದಿ ನಮಗಿಂತ ಮುಂದೆ ಓಡಿತ್ತು. "ಇಮಾಮಣ್ಣ, ಇರಸು ಮುರೀತಂತಲ್ಲ?" ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಅವರು ಎಲ್ಲರಿಗೂ "ಹೂಂ" ಎಂದರು.

ಹೊತ್ತು ಮುಳುಗುವಾಗ ತಳುಕಿನ ಛತ್ರ ಬಂತು. ಅಲ್ಲಿ ಮೂವರು ಗಾಡಿಯವರು ಒಲೆ ಹೂಡಿ ಮುದ್ದೆ ತಿರುವುತ್ತಿದ್ದರು. ಅದರಲ್ಲೊಬ್ಬ, "ಏನ್ ಇಮಾಮಣ್ಣ, ಮೂವತ್ತು ವರ್ಷದಾಗೆ ಒಂದು ದಿನ ನಿನ್ ಇರಸು ಮುರಿದಿದ್ದಿಲ್ಲ. ಮುದುಕ ಆದೆ ಬಿಡು" ಎಂದು ನಕ್ಕ.

ಆಗ ನನಗೆ ಬಾಯಿ ಬಂತು. "ಇರಸು ಮುರಿಯಲಿಲ್ಲ," ಎಂದೆ. "ನಾನು ದೂರವನ್ನು ತಪ್ಪಾಗಿ ಹೇಳಿದೆ. ಒಂದು ದಿನ ತಡವಾ‌ಗಿ ಹೊರಡಿಸಿದೆ. ಇಲ್ಲಿಂದ ರಾತ್ರಿಯೇ ನಡೆದು ಹೋಗುತ್ತೇನೆಂದ ಓಬಳಯ್ಯನವರನ್ನು ನಾನೇ ತಡೆದೆ. ಇಮಾಮ್ ಸಾಬರು ಮೊದಲೇ ಹೇಳಿದ್ದರು." ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಗಾಡಿಯವರು ಮುದ್ದೆ ತಿರುವುವುದನ್ನು ನಿಲ್ಲಿಸಿ ನನ್ನನ್ನೂ ಅವರನ್ನೂ ನೋಡಿದರು.

ಇಮಾಮ್ ಸಾಬರು ನೊಗ ಕೆಳಗಿಟ್ಟರು. ಕೋಪವಿರಲಿಲ್ಲ ಅವರ ದನಿಯಲ್ಲಿ.

"ಇಲ್ಲಿ ಇರೋರು ಮೂರು ಜನ ಸಾಮಿ. ಇವ್ರಿಗೆ ನನ್ ಗಾಡಿ ಗೊತ್ತೈತೆ. ಅಲ್ಲಿ ಹೇಳ್ಬೇಕಿತ್ತು."

ಗಾಲಿಯ ಲೆಕ್ಕ ಕೂಡಿಸಿದ್ದೆ. ಅಲ್ಲಿಂದ ಹಿಂದಕ್ಕೆ ಮೊಳಕಾಲ್ಮೂರಿಗೆ ಇಪ್ಪತ್ತೆರಡು ಮೈಲಿ. ಸಂಜೆ ಹೊರಟರೆ ಬೆಳಕು ಹರಿಯುವಷ್ಟರಲ್ಲಿ ನಡೆದು ಮುಟ್ಟಬಹುದಾದ ದಾರಿ. ಮೂರು ದಿನದ ಕೆಳಗೆ ಐವತ್ತು ವರ್ಷದ ಓಬಳಯ್ಯನವರು ನಡೆಯಲು ಸಿದ್ಧರಾಗಿ ನಿಂತಿದ್ದ ದಾರಿ. ಈ ಸಲ ನನ್ನ ಲೆಕ್ಕ ತಪ್ಪಿರಲಿಲ್ಲ. ನನ್ನ ರಜೆ ಮುಗಿಯುತ್ತಿತ್ತು. ಕಾಲು ನೋಯುತ್ತಿತ್ತು. ನಾನು ಹೋಗಲಿಲ್ಲ. ಗಾಡಿಯವರು ಕೊಟ್ಟ ಮುದ್ದೆ ಉಂಡು ಮಲಗಿದೆ.

ಭಾನುವಾರ ಸಂಜೆ ಚಳ್ಳಕೆರೆ ಸೇರಿದೆವು. ಒಟ್ಟು ದಾರಿ ಮೂವತ್ತೈದು ಮೈಲಿ ಚಿಲ್ಲರೆ. ಸೋಮವಾರ ಕಚೇರಿಗೆ ಹೋಗಿ ನನ್ನ ನಕಲಿನ ಮೇಲೆ ದಾರಿಗೆ ಶಾಯಿ ಹಾಕಿದೆ. ಗುಡ್ಡ ಬಳಸುವಲ್ಲೆಲ್ಲ ಬಳಸಿದೆ, ಹಳ್ಳ ಬಂದಲ್ಲಿ 'ಮರಳು' ಎಂದು ಸಣ್ಣ ಅಕ್ಷರದಲ್ಲಿ ಬರೆದೆ. ಮೇಲಿನವರು ಅದನ್ನು ಯಾಕೆ ಬರೆದೆ ಎಂದು ಕೇಳಿ ಅಳಿಸಿಹಾಕಿಸಿದರು.

ಓಬಳಯ್ಯನವರು ಊರಿಗೆ ಬಂದ ಮೇಲೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಆರು ತಿಂಗಳಲ್ಲಿ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಮೊಳಕಾಲ್ಮೂರಿಗೆ ನಾನು ಮತ್ತೆ ಹೋಗಲಿಲ್ಲ. ಆದ್ದರಿಂದ ಅಂದು ಚಪ್ಪರದಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದುವವರಲ್ಲಿ ಮೊಳಕಾಲ್ಮೂರಿನವರೋ ದೇವಸಮುದ್ರದವರೋ ಇದ್ದರೆ, ಆ ಮದುವೆಯಲ್ಲಿ ಉಂಡವರು ಯಾರಾದರೂ ಇದ್ದರೆ, ದಯವಿಟ್ಟು ಉಳಿದವರಿಗೂ ತಿಳಿಸಿ: ಇಮಾಮ್ ಸಾಬರ ಗಾಡಿಯ ಇರಸು ಮುರಿಯಲಿಲ್ಲ. ಅದೇ ಇರಸಿನ ಮೇಲೆ ಕುಳಿತು ನಾನು ಚಳ್ಳಕೆರೆಗೆ ವಾಪಸು ಬಂದೆ.